ಕೋಳಿ ಸಾರಿನ ದಿನ ನಿಲ್ಲದ ಕಾರು

ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಕಾರು ಎರಡು ಸಲ ಜಗ್ಗಿತು, ಒಂದು ಸಲ ಕೆಮ್ಮಿತು, ಆಮೇಲೆ ನಿಂತೇಬಿಟ್ಟಿತು.

"ಆಯ್ತು, ನಿಂತ್ಕತು," ಅಂದಳು ಮಾಯಮ್ಮ. ತೊಡೆಯ ಮೇಲಿದ್ದ ಹುರುಳಿ ಸಾರಿನ ಪಾತ್ರೆ ತುಳುಕದ ಹಾಗೆ ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು. "ಮೂರು ವಾರದಲ್ಲಿ ಇದು ಏಳನೇ ಸಲ. ನಿಮ್ಮೂರೋರು ಒಳ್ಳೆ ಗಾಡೀನೇ ನೋಡಿ ನಮ್ಮ ತಲೆಗೆ ಕಟ್ಟವ್ರೆ ಕನವ್ವ."

ಸೊಸೆ ಭಾನುಪ್ರಿಯ ಹ್ಯಾಂಡ್‌ಬ್ರೇಕ್ ಎಳೆದು ಇಳಿದಳು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಬಾನೆಟ್ ಎತ್ತಿದಳು. ಸೀಟಿನ ಕೆಳಗಿದ್ದ ಹಳೆ ಪಂಚೆಯ ಚೂರನ್ನು ಬಾಟಲಿ ನೀರಲ್ಲಿ ನೆನೆಸಿ ಪೆಟ್ರೋಲ್ ಪಂಪಿನ ಮೇಲೆ ಸುತ್ತಿದಳು. ಸೋಲೂರಿನ ಮೆಕ್ಯಾನಿಕ್ ಹೇಳಿಕೊಟ್ಟ ಉಪಾಯ ಅದು. ಬಿಸಿಲಿಗೆ ಪಂಪು ಕಾಯ್ತದೆ, ಒದ್ದೆ ಬಟ್ಟೆ ಹಾಕಿ ಕಾಲು ಗಂಟೆ ಕಾದರೆ ಹೊರಡ್ತದೆ ಅಂದಿದ್ದ. ಅವನು ಹೇಳಿದಂತೆ ಹೊರಡುತ್ತಲೂ ಇತ್ತು. ಆದರೆ ಆ ಕಾಲು ಗಂಟೆ ಅತ್ತೆ ಸೊಸೆಯರ ಕೈಯಲ್ಲಿ ಇರಲಿಲ್ಲ. ಮಾಗಡಿಯ ಹೊರಗಿನ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಹನ್ನೆರಡೂವರೆಗೆ ಊಟದ ಗಂಟೆ ಹೊಡೆಯುತ್ತದೆ, ಒಂದಕ್ಕೆ ಮತ್ತೆ ಮಿಷನ್ನಿನ ಮುಂದೆ ಕೂರಬೇಕು. ಅರವತ್ತು ಜನ ಹೆಂಗಸರು ತಟ್ಟೆ ತೊಳೆದಿಟ್ಟುಕೊಂಡು ಇವರ ಮುದ್ದೆಗಾಗಿ ಕಾಯುತ್ತಿರುತ್ತಾರೆ.

ಹಿಂದಿನಿಂದ ತೆಂಗಿನಕಾಯಿ ತುಂಬಿಕೊಂಡು ಬಂದ ಟೆಂಪೋ ಒಂದು ನಿಂತಿತು. ಡ್ರೈವರು ಇಳಿದು ಏನು ಎತ್ತ ಎಂದು ಕೇಳದೆಯೇ ಹಾಟ್‌ಬಾಕ್ಸುಗಳನ್ನು ಎತ್ತಿ ಕಾಯಿಯ ಮೇಲೆ ಇಟ್ಟ. "ಹತ್ತಮ್ಮ, ಮಾಗಡೀಗೇ ಹೋಯ್ತಿರೋದು. ಉಣ್ಣೋರ್ನ ಕಾಯಿಸ್ಬಾರದು," ಅಂದ. ಭಾನುಪ್ರಿಯಳನ್ನು ಕಾರಿನ ಹತ್ತಿರ ಬಿಟ್ಟು ಮಾಯಮ್ಮ ಪಾತ್ರೆ ಸಮೇತ ಮುಂದಿನ ಸೀಟಿಗೆ ಹತ್ತಿದಳು. ಏಳು ಸಲದಲ್ಲಿ ನಾಲ್ಕು ಸಲ ಹೀಗೆ ಯಾರೋ ಗುರುತಿಲ್ಲದವರು ನಿಲ್ಲಿಸಿದ್ದರು. ಅವರ ಹೆಸರು ಕೇಳುವುದಕ್ಕೂ ಅವಳಿಗೆ ಪುರಸೊತ್ತು ಸಿಕ್ಕಿರಲಿಲ್ಲ.

ಫ್ಯಾಕ್ಟರಿ ತಲುಪಿದಾಗ ಹನ್ನೆರಡು ಐವತ್ತು. ಹೆಂಗಸರು ಒಬ್ಬರ ಹಿಂದೆ ಒಬ್ಬರು ಬಂದು ಮುದ್ದೆ ಹಾಕಿಸಿಕೊಂಡು ನಿಂತೇ ನುಂಗಿದರು. "ಸಾರು ಬಿಸಿ ಇಲ್ದಿದ್ರೆ ಏನಂತೆ ಬುಡಕ್ಕ, ರುಚಿ ಐತಲ್ಲ," ಎಂದು ಸಾಲಿನಲ್ಲಿ ಮೊದಲು ನಿಂತಿದ್ದ ಪ್ರತಿಮಾ ಸಮಾಧಾನ ಹೇಳಿದಳು. ಆದರೆ ಬಾಗಿಲ ಬಳಿ ಕೈಗಡಿಯಾರ ನೋಡುತ್ತ ನಿಂತಿದ್ದ ಸೂಪರ್‌ವೈಸರ್ ಮುನಿಶಾಮಯ್ಯ ಮಾಯಮ್ಮನನ್ನು ಪಕ್ಕಕ್ಕೆ ಕರೆದ.

"ನೋಡಮ್ಮ, ನಿಮ್ಮ ಊಟದ ಮೇಲೆ ಒಬ್ಬರದೂ ದೂರಿಲ್ಲ. ಆದರೆ ಟೈಮಿನ ಮೇಲೆ ಮೇಲಿನವರು ನನ್ನನ್ನ ಕೇಳ್ತಾರೆ. ಈ ತಿಂಗಳು ಇನ್ನೊಂದೇ ಒಂದು ಸಲ ತಡ ಆದ್ರೂ ಹೋಟೆಲಿನವರಿಗೆ ಹೇಳಬೇಕಾಗ್ತದೆ."

ಮಾಯಮ್ಮ ಸೌಟು ಹಿಡಿದುಕೊಂಡೇ ತಲೆಯಾಡಿಸಿದಳು.

ಈ ಊಟದ ಕೆಲಸ ಶುರುವಾಗಿ ಒಂದು ವರ್ಷವಾಗಿತ್ತು. ಮನೆಯಲ್ಲಿ ಹಸು ಎರಡು, ಹಿತ್ತಲ ಆಚೆ ಒಂದಿಷ್ಟು ತೆಂಗು. ಅದನ್ನು ಮಾಯಮ್ಮನ ಗಂಡ ಪುಟ್ಟಸ್ವಾಮಿ ನೋಡಿಕೊಳ್ಳುತ್ತಿದ್ದ. ಮಗ ಅಶ್ವಥ್ ಸೋಲೂರಿನ ಹಾಲಿನ ಡೈರಿಯಲ್ಲಿ ಹಾಲು ಅಳೆದು ಟೆಸ್ಟ್ ಮಾಡುವವನು. ಮುದ್ದೆ ಊಟ ಒಯ್ದು ಕೊಡುವ ಯೋಚನೆ ಭಾನುಪ್ರಿಯಳದು, ಕೈಗುಣ ಮಾಯಮ್ಮನದು. ಮೊದಮೊದಲು ಬಸ್ಸಿನಲ್ಲಿ ಒಯ್ದರು. ಸಾರು ಸೀಟಿನ ಕೆಳಗೆ ಚೆಲ್ಲಿ ಕಂಡಕ್ಟರ್ ಹತ್ತಿರ ಬೈಸಿಕೊಂಡರು. ಆಮೇಲೆ ಆಟೋ, ಅದೂ ದಿನಾ ಸಿಗುತ್ತಿರಲಿಲ್ಲ. ಕೊನೆಗೆ ಭಾನುಪ್ರಿಯಳ ತವರೂರು ಕೂಟಗಲ್ಲಿನಲ್ಲಿ ನಟರಾಜು ಮೇಷ್ಟ್ರು ತಮ್ಮ ಇಪ್ಪತ್ತನಾಲ್ಕು ವರ್ಷದ ಬಿಳಿ ಕಾರು ಮಾರುತ್ತಾರೆಂದು ಅವಳ ತಾಯಿ ಸಿದ್ದಮ್ಮ ಫೋನು ಮಾಡಿ ಹೇಳಿದಳು. ಮೇಷ್ಟ್ರಿಗೆ ಕಣ್ಣು ಮಂಜಾಗಿ ಓಡಿಸಲು ಆಗುತ್ತಿರಲಿಲ್ಲ. ಭಾನುಪ್ರಿಯ ಎರಡು ತಿಂಗಳು ಪ್ರತಿ ಭಾನುವಾರ ಅಲ್ಲಿಗೆ ಹೋಗಿ ಕಲಿತು, ಲೈಸೆನ್ಸು ಮಾಡಿಸಿ, ತಾನೇ ಓಡಿಸಿಕೊಂಡು ಬಂದಳು. ಬೀದಿಯ ಹೆಂಗಸರೆಲ್ಲ ಹೊರಗೆ ಬಂದು ನೋಡಿದ್ದರು.

ಬಂದ ಹೊಸದರಲ್ಲಿ ಕಾರು ಚಕಾರ ಎತ್ತಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಶುರುವಾಯಿತು ಅದರ ಕಾಟ.

ಆ ಸಂಜೆ ಊಟಕ್ಕೆ ಕೂತಾಗ ಮುನಿಶಾಮಯ್ಯ ಹೇಳಿದ್ದನ್ನು ಕೇಳಿ ಅಶ್ವಥ್ ತಟ್ಟೆಯಿಂದ ಕೈ ಎತ್ತಿದ.

"ಪ್ಲಗ್ ಹಾಕ್ಸಿದ್ದಾಯ್ತು, ಕಾಯಿಲ್ ಹಾಕ್ಸಿದ್ದಾಯ್ತು, ಪಂಪೂ ಹೊಸಾದಾಯ್ತು, ಕಾರ್ಬೊರೇಟರ್ ಬಿಚ್ಚಿ ತೊಳೆದಿದ್ದೂ ಆಯ್ತು. ಇನ್ನೇನು ಉಳ್ದೈತೆ? ಸ್ಟೇರಿಂಗ್ ಒಂದೇ."

"ಗ್ಯಾರೇಜಿನಲ್ಲಿ ಚೆನ್ನಾಗಿ ಓಡ್ತದೆ," ಅಂದಳು ಭಾನುಪ್ರಿಯ. "ಮೆಕ್ಯಾನಿಕ್ ಎರಡು ಕಿಲೋಮೀಟರ್ ಓಡ್ಸಿ ಸರಿ ಐತೆ ಅಂತಾನೆ. ನಿಲ್ಲೋದು ಹನ್ನೆರಡು ಹದಿಮೂರು ಕಿಲೋಮೀಟರ್ ಆದ್ಮೇಲೆ. ಅಲ್ಲೀಗಂಟ ಅವನು ಬರಾಕಿಲ್ಲ."

"ಅದಕ್ಕೇ ಹೇಳ್ತೀನಿ, ಕೊಟ್ಬುಡಾಣ. ಮಾಗಡಿ ಬೈರಪ್ಪ ಹಳೆ ಗಾಡಿ ತಗೋತಾನೆ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬಾ ಅಂತ ಹೇಳಿದ್ದೀನಿ."

"ನನ್ನನ್ನ ಒಂದ್ಮಾತು ಕೇಳ್ದೇನಾ?"

"ಕೇಳಿ ತಂದಿದ್ದಾ ನೀನು?"

ಪುಟ್ಟಸ್ವಾಮಿ ತಟ್ಟೆ ನೋಡುತ್ತಲೇ, "ಲೇ, ಉಣ್ಣಾಗ ಬ್ಯಾಡ ಕಣ್ಲಾ," ಅಂದ.

ಮಾಯಮ್ಮ ನಡುವೆ ಬಾಯಿ ಹಾಕಿದಳು. "ಅವ್ನು ಹೇಳೋದ್ರಲ್ಲಿ ತಪ್ಪೇನೈತೆ? ಬಿಸಿಲಲ್ಲಿ ಪಾತ್ರೆ ತಬ್ಬಿಕೊಂಡು ರೋಡಲ್ಲಿ ನಿಲ್ಲೋಳು ನಾನು. ಕೂಟಗಲ್ಲಿನೋರಿಗೆ ಬೇಡದ್ದು ನಮ್ಮನೇಗೆ ಬಂತು, ಅಷ್ಟೇಯ."

ಭಾನುಪ್ರಿಯ ಉಂಡ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಆಮೇಲೆ ಎರಡು ದಿನ ಮನೆಯಲ್ಲಿ ಕೆಲಸದ ಮಾತು ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಉಪ್ಪು ಎಷ್ಟು, ಸೊಪ್ಪು ಎಷ್ಟು, ಗಂಟೆ ಎಷ್ಟು. ನಸುಕಿಗೆದ್ದು ಒಬ್ಬಳು ಹಿಟ್ಟು ಬೇಯಿಸಿದರೆ ಇನ್ನೊಬ್ಬಳು ಒಗ್ಗರಣೆ ಹಾಕುವಳು. ಮುದ್ದೆ ತೊಳಸುವಾಗ ಪಾತ್ರೆಯನ್ನು ಒಬ್ಬಳು ಕಾಲಲ್ಲಿ ಒತ್ತಿ ಹಿಡಿದು, ಮತ್ತೊಬ್ಬಳು ಕೋಲು ತಿರುಗಿಸಬೇಕು. ಮಾತು ಬಿಟ್ಟಿದ್ದರೂ ಆ ಕೆಲಸಕ್ಕೆ ಇಬ್ಬರೂ ಬೇಕೇ ಬೇಕಾಗಿತ್ತು.

ಮುಂದಿನ ಸೋಮವಾರ ಕಾರು ನಿಂತಿತು. ಅವತ್ತು ಭಾನುಪ್ರಿಯ ಕಾಲು ಗಂಟೆ ಮುಂಚೆಯೇ ಹೊರಟಿದ್ದರಿಂದ ಬಚಾವಾದರು. ಮಂಗಳವಾರವೂ ಹಾಗೇ ಆಯಿತು. ಬುಧವಾರ ನಿಲ್ಲಲಿಲ್ಲ. ಗುರುವಾರ ಅರ್ಧ ಗಂಟೆ ಮೊದಲೇ ಹೊರಟರೂ, ರಸ್ತೆಯಲ್ಲಿ ಕುರಿ ಮಂದೆ ಅಡ್ಡ ಬಂದು ತಡವಾಗಿ, ಮಾಗಡಿ ಇನ್ನೇನು ಬಂತು ಅನ್ನುವಾಗ ಮತ್ತೆ ನಿಂತಿತು.

ಈ ಸಲ ನಿಂತ ಜಾಗದ ಎದುರಿಗೇ ತಗಡಿನ ಶೆಡ್ಡು. ಅದರ ಮುಂದೆ ಬೆಂಚಿನ ಮೇಲೆ ಬಿಳಿ ಗಡ್ಡದ ಒಬ್ಬ ಮುದುಕ ಕೂತಿದ್ದ. ಹೆಸರು ಶರೀಫ್. ಮೂವತ್ತು ವರ್ಷ ರಾಮನಗರದ ರೇಷ್ಮೆ ಕಾರ್ಖಾನೆಗಳಲ್ಲಿ ಮೋಟಾರು ರಿಪೇರಿ ಮಾಡಿ, ಈಗ ಮಗಳು ಜುವೇರಿಯಾ ಜೊತೆ ಇಲ್ಲಿ ಗ್ಯಾರೇಜು ಇಟ್ಟುಕೊಂಡವನು. ಮಂಡಿ ನೋವಿನಿಂದ ಅವನಿಗೆ ಬಗ್ಗಲು ಆಗದು. ಗಾಡಿಯ ಕೆಳಗೆ ಮಲಗುವ ಕೆಲಸವೆಲ್ಲ ಮಗಳದು.

ಒದ್ದೆ ಬಟ್ಟೆ ಹಿಡಿದು ಬಾನೆಟ್ ಎತ್ತಿದ ಭಾನುಪ್ರಿಯಳನ್ನು ನೋಡಿ ಅವನು ಕುಂಟುತ್ತ ಬಂದ. "ಏನಮ್ಮ, ಇಂಜಿನ್ನಿಗೆ ಜ್ವರ ಬಂದಿದ್ಯಾ?"

"ನಿಂತೋಯ್ತು ಸಾಬ್ರೆ. ಅರವತ್ತು ಜನ ಊಟಕ್ಕೆ ಕಾಯ್ತಾವ್ರೆ," ಅನ್ನುವಾಗ ಅವಳ ದನಿ ಒಡೆಯಿತು.

ಶರೀಫ್ ಹಾಟ್‌ಬಾಕ್ಸುಗಳನ್ನು ನೋಡಿದ, ಅವಳ ಮುಖ ನೋಡಿದ. "ಜುವೇರಿಯಾ! ಲಗೇಜ್ ಆಟೋ ತೆಗಿ ಬೇಟಿ. ಇವರನ್ನ ಬಿಟ್ಟು ಬಾ, ಆಮೇಲೆ ಗಾಡಿ ನೋಡೋಣ."

ಜುವೇರಿಯಾ ಕೈಯ ಗ್ರೀಸು ಒರೆಸಿಕೊಂಡು ಬಂದವಳೇ ಆಟೋ ಹೇಗೆ ಓಡಿಸಿದಳೆಂದರೆ, ಊಟದ ಗಂಟೆ ಹೊಡೆಯುವುದಕ್ಕೂ ಇವರು ಪಾತ್ರೆ ಇಳಿಸುವುದಕ್ಕೂ ಸರಿಹೋಯಿತು. ಮುನಿಶಾಮಯ್ಯ ಗಡಿಯಾರ ನೋಡಿ ಒಳಗೆ ಹೋದ. ಮಾಯಮ್ಮ ಜುವೇರಿಯಾಳಿಗೂ ಒಂದು ತಟ್ಟೆ ಹಾಕಿ, "ಉಣ್ಣವ್ವ, ನೀನು ಇವತ್ತು ನಮ್ಮನ್ನ ಉಳಿಸ್ದೆ," ಅಂದಳು. ತಂದೆಗೂ ಒಂದು ಡಬ್ಬಿ ತುಂಬಿದಳು.

ಬಡಿಸಿ ವಾಪಸು ಬಂದಾಗ ಶರೀಫ್ ಬಾನೆಟ್ ಎತ್ತಿ ನೋಡಿದ್ದ ಅಷ್ಟೇ, ಕಾರಿನ ಒಂದು ನಟ್ಟನ್ನೂ ಬಿಚ್ಚಿರಲಿಲ್ಲ. ಡಬ್ಬಿಯ ಊಟ ಮುಗಿಸಿ ಕೈ ತೊಳೆದು ಬಂದು ಬೆಂಚಿನ ಮೇಲೆ ಕೂತ. ಅತ್ತೆ ಸೊಸೆಯರನ್ನೂ ಕೂರಿಸಿದ.

"ಎಲ್ಲಾ ಬಿಚ್ಚಿ ನೋಡಿದ್ದಾರೆ, ಎಲ್ಲಾ ಹೊಸದು ಹಾಕಿದ್ದಾರೆ. ನಾನು ಮತ್ತೆ ಬಿಚ್ಚೋದರಲ್ಲಿ ಅರ್ಥ ಇಲ್ಲ. ನನಗೆ ಒಂದು ಮಾತು ಹೇಳಿ. ಇದು ಯಾವಾಗ ನಿಲ್ಲೋದಿಲ್ಲ?"

"ಯಾವಾಗ ನಿಲ್ತದೆ ಅಂತಾನಾ?" ಅಂದಳು ಭಾನುಪ್ರಿಯ.

"ಅದು ಎಲ್ಲರೂ ಕೇಳಿರ್ತಾರೆ. ಯಾವಾಗ ನಿಲ್ಲೋದಿಲ್ಲ?"

ಭಾನುಪ್ರಿಯ ತಾರೀಕು ನೆನಪು ಮಾಡಿಕೊಳ್ಳಲು ಒದ್ದಾಡಿದಳು. ಮಾಯಮ್ಮನಿಗೆ ತಾರೀಕು ಗೊತ್ತಿರಲಿಲ್ಲ. ಆದರೆ ಯಾವ ದಿನ ಏನು ಅಡುಗೆ ಮಾಡಿದ್ದೆ ಎಂಬುದನ್ನು ಅವಳು ಮರೆಯುವವಳಲ್ಲ. ಬೆರಳು ಮಡಿಸತೊಡಗಿದಳು.

"ಅವರೆಕಾಳು ಸಾರಿನ ದಿನ ನಿಂತದೆ. ಬಸ್ಸಾರಿನ ದಿನ ನಿಂತದೆ. ಹುರುಳಿ ಸಾರಿನ ದಿನ ಅಂತೂ ಬುಡಿ, ತಪ್ಪದೆ ನಿಂತದೆ. ಉಪ್ಪೆಸರು ಮಾಡಿದ ಶುಕ್ರವಾರಾನೂವೆ..." ಬೆರಳು ಅಲ್ಲೇ ನಿಂತಿತು. "ಕೋಳಿ ಸಾರಿನ ದಿನ ನಿಂತಿಲ್ಲ."

ಭಾನುಪ್ರಿಯ ನಗಬಾರದೆಂದುಕೊಂಡರೂ ನಕ್ಕುಬಿಟ್ಟಳು. ಜುವೇರಿಯಾ ಸ್ಪ್ಯಾನರ್ ಕೆಳಗಿಟ್ಟು ತಂದೆಯ ಕಡೆ ನೋಡಿ ನಕ್ಕಳು. "ಕಾರಿಗೂ ಕೋಳಿ ಅಂದ್ರೆ ಆಸೆ ಅಬ್ಬಾ!"

ಶರೀಫ್ ಮಾತ್ರ ನಗಲಿಲ್ಲ. "ಕೋಳಿ ಸಾರು ಯಾವತ್ತು ಮಾಡ್ತೀರಿ?"

"ಬುಧವಾರ."

"ಬುಧವಾರ ಬೇರೆ ಏನು ಮಾಡ್ತೀರಿ? ಅಡುಗೆ ಬಿಡಿ. ದಾರೀಲಿ."

"ಇನ್ನೇನು ಮಾಡ್ತೀವಿ..." ಎಂದು ಭಾನುಪ್ರಿಯ ಯೋಚಿಸಿದಳು. "ಮಂಗಳವಾರ ಫ್ಯಾಕ್ಟರಿಯೋರು ದುಡ್ಡು ಕೊಡ್ತಾರೆ. ಹಂಗಾಗಿ ಬುಧವಾರ ಊಟ ತಗೊಂಡು ಬರ್ತಾ ದಾರಿ ಬಂಕಲ್ಲಿ ಪೆಟ್ರೋಲ್ ಹಾಕಿಸ್ತೀವಿ."

"ಅಲ್ಲ, ತಡೀರಿ, ಒಂದೇ ಒಂದು ಬುಧವಾರ ನಿಂತಿತ್ತು," ಅಂದಳು ಮಾಯಮ್ಮ ಥಟ್ಟನೆ. "ಕೋಳಿ ಸಾರಿನ ಪಾತ್ರೇನೇ ಹಿಡ್ಕಂಡು ನಿಂತಿದ್ದೆ, ಗ್ಯಾಪಕ ಐತೆ."

"ಅವತ್ತು ಬಂಕಲ್ಲಿ ನಿಲ್ಲಿಸಿದ್ರಾ?"

ಮಾಯಮ್ಮ ಕಣ್ಣು ಕಿರಿದು ಮಾಡಿದಳು. "ಇಲ್ಲ ಕನಪ್ಪ. ಅಶ್ವಥ್ ಹಿಂದಿನ ದಿವಸಾನೇ ಸೋಲೂರಲ್ಲಿ ಹಾಕ್ಸಿದ್ದ. ನಾನೇ ಅವನಿಗೆ ಬೀಗದ ಕೈ ಕೊಟ್ಟಿದ್ದು."

"ಯಾವ ಬೀಗದ ಕೈ?"

"ಪೆಟ್ರೋಲ್ ಮುಚ್ಚಳದ್ದು."

ಶರೀಫ್ ಎದ್ದು ನಿಂತ. "ನಡೀರಿ ಅಮ್ಮ, ಒಂದು ರೌಂಡ್ ಹೋಗಿ ಬರೋಣ. ನಿಲ್ಲೋವರೆಗೂ ಓಡಿಸು ಬೇಟಿ."

ನಾಲ್ವರೂ ಹತ್ತಿದರು, ಭಾನುಪ್ರಿಯ ಸ್ಟೇರಿಂಗ್ ಹಿಡಿದಳು. ಸೋಲೂರಿನ ರಸ್ತೆಯಲ್ಲಿ ಹನ್ನೆರಡನೆಯ ಕಿಲೋಮೀಟರಿಗೆ ಕಾರು ಎಂದಿನಂತೆ ಜಗ್ಗಿತು, ಕೆಮ್ಮಿತು, ನಿಂತಿತು. ಅಭ್ಯಾಸಬಲದಿಂದ ಭಾನುಪ್ರಿಯ ಒದ್ದೆ ಬಟ್ಟೆಗೆ ಕೈ ಹಾಕಿದಳು.

"ಬೇಡ. ಇಂಜಿನ್ ಮುಟ್ಟಬೇಡಿ. ಅಮ್ಮ, ನೀವು ಹೋಗಿ ಪೆಟ್ರೋಲ್ ಮುಚ್ಚಳ ತೆಗೀರಿ."

ಮಾಯಮ್ಮ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದಳು. ಕೈ ತಿರುಗಿಸಿ ಮುಚ್ಚಳ ಸಡಿಲ ಮಾಡಿದ್ದೇ ತಡ, ಟ್ಯಾಂಕು ಉಸ್ಸ್ ಎಂದು ಉದ್ದಕ್ಕೆ ಗಾಳಿ ಒಳಗೆಳೆದುಕೊಂಡಿತು. ಬಹಳ ಹೊತ್ತು ಮೂಗು ಮುಚ್ಚಿ ಹಿಡಿದಿದ್ದ ಮಗು ಉಸಿರೆಳೆದ ಹಾಗೆ. ಅವಳು ಬೆಚ್ಚಿ ಹಿಂದಕ್ಕೆ ಸರಿದಳು.

"ಈಗ ಸ್ಟಾರ್ಟ್ ಮಾಡು."

ಒಂದೇ ಸಲಕ್ಕೆ ಕಾರು ಶುರುವಾಯಿತು. ಕಾಲು ಗಂಟೆ ಕಾಯಲಿಲ್ಲ, ಬಟ್ಟೆ ಸುತ್ತಲಿಲ್ಲ.

ಮುಚ್ಚಳ ಕೈಯಲ್ಲಿ ಹಿಡಿದು ಮಾಯಮ್ಮ ರಸ್ತೆಯ ಅಂಚಿನಲ್ಲಿ ನಿಂತಿದ್ದಳು. ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಎಲ್ಲೂ ಒಂದು ಸೂಜಿ ಹೋಗುವಷ್ಟು ತೂತು ಇರಲಿಲ್ಲ. ಶರೀಫ್ ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು.

"ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಬರಾಕಿಲ್ಲ. ಒಸಿ ಸುರ್ದು ನಿಂತ್ಕತದೆ. ಆ ಕಡೆ ಇನ್ನೊಂದು ತೂತು ಹೊಡೀಬೇಕು, ಗಾಳಿ ಹೋಗಾಕೆ. ದಿನಾ ಬೆಳಗ್ಗೆ ಮಾಡ್ತೀನಲ್ಲಪ್ಪ ನಾನು ಆ ಕೆಲಸಾನ."

"ಇದೂ ಅಷ್ಟೇ ಅಮ್ಮ," ಅಂದ ಶರೀಫ್. "ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಪಂಪು ಎಷ್ಟೂಂತ ಎಳೆಯುತ್ತೆ? ನಿಂತು ಕಾಲು ಗಂಟೆ ಆದರೆ ಅಲ್ಲಿ ಇಲ್ಲಿ ಸಂದಿಯಿಂದ ಗಾಳಿ ಸೇರಿಕೊಳ್ಳುತ್ತೆ, ಹೊರಡುತ್ತೆ. ನೀವು ಒದ್ದೆ ಬಟ್ಟೆಯಿಂದ ಆಯ್ತು ಅಂದುಕೊಂಡಿರಿ. ಬುಧವಾರ ಬಂಕಿನವರು ಮುಚ್ಚಳ ತೆಗೆದರೆ ಟ್ಯಾಂಕಿಗೆ ಉಸಿರು ಬರ್ತಿತ್ತು."

ಜುವೇರಿಯಾ ಗಾಡಿಯ ಕೆಳಗೆ ತೂರಿ ಐದು ನಿಮಿಷ ಏನೋ ತಡಕಿ ಹೊರಬಂದಳು. ಅಂಗೈಯಲ್ಲಿ ಒಣಗಿದ ಮಣ್ಣಿನ ಉಂಡೆ. "ಟ್ಯಾಂಕಿನ ಗಾಳಿ ಪೈಪಲ್ಲಿ ಕಣಜ ಗೂಡು ಕಟ್ಟಿದೆ ಅಬ್ಬಾ. ಯಾವ ಕಾಲದ್ದೋ."

"ಹಳೆ ಮುಚ್ಚಳದಲ್ಲಿ ತೂತು ಇದ್ದಿರಬೇಕು. ಅದರಿಂದ ಹೆಂಗೋ ನಡೀತಿತ್ತು. ಈ ಬೀಗದ ಮುಚ್ಚಳ ಯಾರು ಹಾಕಿಸಿದ್ದು?"

ಭಾನುಪ್ರಿಯ ರಸ್ತೆಯ ಆಚೆ ನೋಡಿದಳು. ಮಾಯಮ್ಮನ ಕಿವಿ ಬಿಸಿಯಾಯಿತು.

ಹಾಕಿಸಿದ್ದು ಅವಳೇ. ಕಾರು ಬಂದ ಹೊಸದರಲ್ಲಿ ಡೈರಿ ಮುಂದೆ ನಿಲ್ಲಿಸಿದ್ದಾಗ ಯಾರೋ ಪೈಪು ಬಿಟ್ಟು ಪೆಟ್ರೋಲ್ ಕದ್ದಿದ್ದರು. ಬೀಗ ಇರುವ ಮುಚ್ಚಳ ತರಲೇಬೇಕೆಂದು ಹಟ ಹಿಡಿದು, ಪುಟ್ಟಸ್ವಾಮಿಯನ್ನು ಮಾಗಡಿಗೆ ಅಟ್ಟಿ ತರಿಸಿದ್ದಳು. ಹಳೆಯದನ್ನು ಎಲ್ಲೋ ಎಸೆದಿದ್ದಳು. ಅದೇ ವಾರ ಬಿಸಿಲೂ ಏರಿತ್ತು. ಎಲ್ಲರೂ ಬಿಸಿಲನ್ನು ಬೈದರು, ಪಂಪನ್ನು ಬೈದರು. ಅವಳು ಸೊಸೆಯ ತವರನ್ನು ಬೈದಳು.

ಶರೀಫ್ ಅಂದೇ ಪೈಪು ಊದಿಸಿ ಚೊಕ್ಕ ಮಾಡಿಸಿದ. ಮುಚ್ಚಳದ ಒಳಗಿನ ರಬ್ಬರಿನಲ್ಲಿ ಗಾಳಿಗೆ ದಾರಿ ಮಾಡಿಕೊಟ್ಟ. ಏನು ಕೊಡಬೇಕೆಂದು ಕೇಳಿದ್ದಕ್ಕೆ, "ಊಟ ಹಾಕಿದ್ದೀರಿ, ಇನ್ನೇನು? ನಾನು ಒಂದು ಸಾಮಾನೂ ಹಾಕಿಲ್ಲವಲ್ಲ," ಅಂದ. ಮಾಯಮ್ಮ ಕೈ ಮುಗಿದಳು. ಜುವೇರಿಯಾಳ ತಲೆ ನೇವರಿಸಿ ಕಾರು ಹತ್ತಿದಳು.

ಮನೆ ತಲುಪುವವರೆಗೂ ಅವಳು ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟುತ್ತ ಬಿಚ್ಚುತ್ತ ಕೂತಿದ್ದಳು.

ಸಂಜೆ ಉಪ್ಪೆಸರು, ಮುದ್ದೆ. ಅಶ್ವಥ್ ಕೈ ತೊಳೆದು ಕೂತು ಕೇಳಿದ. "ಇವತ್ತೂ ನಿಂತ್ಕತಾ?"

"ನಿಂತಿತ್ತು. ಮಾಗಡಿ ಹತ್ರ ಒಬ್ರು ಶರೀಫ್ ಸಾಬ್ರು ಸರಿ ಮಾಡಿದ್ರು," ಅಂದಳು ಭಾನುಪ್ರಿಯ. "ಗಾಳಿ ಪೈಪಲ್ಲಿ ಕಣಜದ ಗೂಡಿತ್ತಂತೆ. ಇನ್ಮೇಲೆ ನಿಲ್ಲಾಕಿಲ್ಲ."

ಅಷ್ಟು ಹೇಳಿ ಅವಳು ಮಾವನಿಗೆ ಸಾರು ಬಡಿಸಲು ತಿರುಗಿದಳು. ಮುಚ್ಚಳದ ಸುದ್ದಿಯನ್ನೇ ಎತ್ತಲಿಲ್ಲ. ಮಾಯಮ್ಮ ಮುದ್ದೆ ಮುರಿದವಳು ಹಾಗೇ ಕೂತಳು. ಸುಮ್ಮನಿದ್ದುಬಿಟ್ಟರೆ ಈ ಮಾತು ಇಲ್ಲಿಗೆ ಮುಗಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದಳು.

"ಕಣಜದ ಗೂಡು ಅರ್ಧ ಸತ್ಯ ಕನ್ಲಾ ಅಶ್ವಥ್," ಅಂದಳು. "ಇನ್ನರ್ಧ ನಂದು. ಆ ಬೀಗದ ಮುಚ್ಚಳ ಇತ್ತಲ್ಲ, ಅದರಿಂದಲೇ ಟ್ಯಾಂಕಿಗೆ ಉಸ್ರು ಕಟ್ತಿದ್ದಿದ್ದು. ನಾನು ಹಾಕ್ಸಿದ್ದು."

ಪುಟ್ಟಸ್ವಾಮಿಗೆ ನಗು ತಡೆಯಲಾಗಲಿಲ್ಲ. "ಅದನ್ನ ತರಾಕೆ ನಾನು ಮಾಗಡಿ ಪೂರಾ ಮೂರು ಸುತ್ತು ಹೊಡೆದಿದ್ದೆ!"

"ನಗ್ಬ್ಯಾಡಿ ನೀವು," ಎಂದು ಗದರಿದ ಮಾಯಮ್ಮ ತಾನೂ ಅರ್ಧ ನಕ್ಕಳು, ಅರ್ಧ ಅಳುವ ಹಾಗಾದಳು. "ಈ ಹುಡುಗೀನ ಒಂದು ತಿಂಗಳು ಬಾಯಿಗೆ ಬಂದಂಗೆ ಅಂದೆ. ಅವಳು ನೋಡಿದ್ರೆ ನನ್ನ ತಪ್ಪನ್ನ ಕಣಜದ ತಲೆಗೆ ಕಟ್ತಾವ್ಳೆ."

ಅಶ್ವಥ್ ಹೆಂಡತಿಯ ಕಡೆ ನೋಡಿದ. ಅವಳು ನೋಡಲಿಲ್ಲ. "ನಾನೂ ಒಸಿ ಜಾಸ್ತೀನೇ ಮಾತಾಡ್ದೆ," ಅಂದ. ತಟ್ಟೆಗೆ ಕೈ ಹಾಕಿ, "ಆದ್ರೆ ಬೈರಪ್ಪಂಗೆ ಮಾತು ಕೊಟ್ಟಿದ್ದೀನಲ್ಲವ್ವ. ಗಾಡಿ ಕೊಡ್ತೀನಿ ಅಂದು ಇಲ್ಲ ಅಂದ್ರೆ ಏನಂದ್ಕೋತಾನೆ?"

"ಮಾತು ಕೊಟ್ಟೋನು ನೀನು, ತಪ್ಪು ಮಾಡಿದೋಳು ನಾನು. ಭಾನುವಾರ ಅವನ ಹತ್ರ ನಾನೇ ಮಾತಾಡ್ತೀನಿ."

ಮಾರನೆಯ ಬೆಳಗ್ಗೆ ಮುದ್ದೆ ತೊಳಸುವಾಗ ಮಾಯಮ್ಮ ಕೋಲು ನಿಲ್ಲಿಸಿದಳು.

"ರಾತ್ರಿ ಯಾಕವ್ವ ಹಂಗಂದೆ? ಅತ್ತೆ ಹಾಕ್ಸಿದ್ದು ಅಂತ ಹೇಳ್ಬೋದಾಗಿತ್ತು. ಹೇಳೋ ಹಕ್ಕು ನಿಂಗಿತ್ತು."

ಭಾನುಪ್ರಿಯ ಪಾತ್ರೆಯನ್ನು ಒತ್ತಿ ಹಿಡಿದೇ ಹೇಳಿದಳು. "ನನಗೂ ಕ್ವಾಪ ಇತ್ತು ಅತ್ತೆ. ಹೇಳ್ಬೇಕು ಅಂತಾನೇ ಇದ್ದೆ. ಬರ್ತಾ ದಾರೀಲಿ ಯೋಚನೆ ಬಂತು. ಅಷ್ಟು ಸಲ ನಿಂತದಲ್ಲ ಗಾಡಿ, ನೀವು ಬೈದ್ರಿ, ಬೈಕೊಂಡೇ ನನ್ನ ಜೊತೆ ಬಿಸಿಲಲ್ಲಿ ನಿಂತ್ರಿ. ನಾಳೆಯಿಂದ ಬರಾಕಿಲ್ಲ ಅಂತ ಒಂದ್ದಿನಾನೂ ಅನ್ನಲಿಲ್ಲ. ನೀವು ಬರ್ದಿದ್ರೆ ನಾನು ಯಾವತ್ತೋ ಬುಟ್ಬುಡ್ತಿದ್ದೆ."

ಮಾಯಮ್ಮನ ಕೈಯಲ್ಲಿ ಕೋಲು ಹಾಗೇ ಇತ್ತು. ಒಲೆಯ ಹೊಗೆಗೆ ಕಣ್ಣು ಒರೆಸಿಕೊಂಡಳು. "ಒಳ್ಳೇಳು ಕನವ್ವ ನೀನು," ಅಂದಳು. "ನಿನ್ನಂಥೋಳು ಈ ಮನೆಗೆ ಬಂದಿದ್ದು ನಮ್ಮ ಪುಣ್ಯ. ಇಷ್ಟು ದಿನ ಬಾಯ್ಬಿಟ್ಟು ಹೇಳಿರಲಿಲ್ಲ."

"ಹಿಟ್ಟು ಗಂಟಾಯ್ತದೆ ಅತ್ತೆ, ತಿರುವಿ," ಅಂದಳು ಭಾನುಪ್ರಿಯ, ಅವಳ ಮೂಗೂ ಕೆಂಪಾಗಿತ್ತು.

ಶುಕ್ರವಾರ ಕಾರು ನಿಲ್ಲಲಿಲ್ಲ. ಹನ್ನೆರಡು ಕಿಲೋಮೀಟರ್ ಹತ್ತಿರ ಬಂದಾಗ ಇಬ್ಬರೂ ಉಸಿರು ಬಿಗಿ ಹಿಡಿದರು. ಏರು ದಾಟಿತು, ಶರೀಫನ ಶೆಡ್ಡು ದಾಟಿತು. ಹಾರ್ನು ಕೇಳಿ ಜುವೇರಿಯಾ ಕೈ ಬೀಸಿದಳು. ಫ್ಯಾಕ್ಟರಿ ತಲುಪಿದಾಗ ಹನ್ನೆರಡು ಹತ್ತು. ಶನಿವಾರ ಸಾರು ಎಷ್ಟು ಬಿಸಿಯಿತ್ತೆಂದರೆ ಪ್ರತಿಮಾ ನಾಲಗೆ ಸುಟ್ಟುಕೊಂಡು, "ಏನಕ್ಕ, ಒಲೆ ಸಮೇತ ತಂದಿದ್ದೀಯಾ?" ಎಂದು ಕೇಳಿದಳು. ಮುನಿಶಾಮಯ್ಯ ತಾನೇ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ. ಮುಂದಿನ ತಿಂಗಳಿಂದ ಎರಡನೇ ಶಿಫ್ಟಿನ ನಲವತ್ತು ಜನಕ್ಕೂ ಆಗುತ್ತದಾ ಎಂದು ಉಣ್ಣುತ್ತಲೇ ಕೇಳಿದ.

ಭಾನುವಾರ ಹತ್ತು ಗಂಟೆಗೆ ಬೈರಪ್ಪ ಬಂದ. ಬಂದವನು ಕಾರಿನ ಸುತ್ತ ಒಂದು ಸುತ್ತು ಹಾಕಿ ಟೈರು ಒದ್ದು ನೋಡುವಷ್ಟರಲ್ಲಿ ಮಾಯಮ್ಮ ಕಾಫಿ ಹಿಡಿದು ಬಂದಳು.

"ಬೈರಪ್ಪ, ಮೊದ್ಲು ನೀನು ನಮ್ಮನ್ನ ಕ್ಷಮಿಸ್ಬೇಕು. ಗಾಡಿ ಕೊಡಾಕಿಲ್ಲ. ಕೆಟ್ಟಿದ್ದು ಗಾಡಿಯಲ್ಲ, ನಾನು ಹಾಕ್ಸಿದ ಮುಚ್ಚಳ," ಎಂದು ಕಥೆಯನ್ನೆಲ್ಲ ಬಿಡಿಸಿ ಹೇಳಿದಳು, ಕೋಳಿ ಸಾರನ್ನೂ ಬಿಡದೆ. ಬೈರಪ್ಪ ಕಾಫಿ ಕುಡಿಯುತ್ತ ಕೇಳಿದ, ಬಾನೆಟ್ ಎತ್ತಿಸಿ ಇಂಜಿನ್ ಶುರು ಮಾಡಿಸಿದ, ಕಿವಿಗೊಟ್ಟ.

"ಹೊಲಿಗೆ ಮಿಷನ್ ಓಡ್ದಂಗೆ ಓಡ್ತದಲ್ಲಮ್ಮ. ಇದನ್ನ ನಾನು ತಗೊಂಡೋಗಿ ಬಿಚ್ಚಿ ಮಾರಿದ್ದಿದ್ರೆ ಪಾಪ ಬತ್ತಿತ್ತು," ಅಂದ. "ಇಟ್ಕಳಿ. ಅಶ್ವಥ್, ನೀನು ಬ್ಯಾಸರ ಮಾಡ್ಕಬ್ಯಾಡ. ನನ್ನತ್ರ ನಿನ್ನ ಮಾತಿನ ಬೆಲೆ ಏನೂ ಹೋಗಿಲ್ಲ." ಇನ್ನೊಂದು ಲೋಟ ಕಾಫಿ ಕೇಳಿ ಕುಡಿದು ಹೋದ.

ಅವನು ಹೋದ ಮೇಲೆ ಅಂಗಳದಲ್ಲಿ ಎಲ್ಲರೂ ನಿಂತೇ ಇದ್ದರು. ಭಾನುವಾರ ಫ್ಯಾಕ್ಟರಿಗೆ ರಜೆ. ನೆನೆಹಾಕಲು ಕಾಳಿತ್ತು, ಬಿಡಿಸಲು ಸೊಪ್ಪಿತ್ತು. ಆದರೆ ಮಾಯಮ್ಮ ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದಳು.

"ನಡೀರಿ, ಎಲ್ರೂ ಹತ್ತಿ."

"ಎಲ್ಲಿಗವ್ವ?" ಅಂದ ಅಶ್ವಥ್.

"ಕೂಟಗಲ್ಲಿಗೆ."

ಭಾನುಪ್ರಿಯ ತಿರುಗಿ ನೋಡಿದಳು. ಮದುವೆಯಾಗಿ ಆರು ವರ್ಷವಾದರೂ ಅತ್ತೆ ಅವಳ ತವರಿನ ಹೊಸ್ತಿಲು ತುಳಿದಿರಲಿಲ್ಲ. ಕೆಲಸ, ಹಸು, ಮೈ ನೋವು ಎಂದು ಪ್ರತಿ ಸಲವೂ ಒಂದು ನೆಪ ಸಿಗುತ್ತಿತ್ತು.

"ಫೋನ್ ಮಾಡಿ ಹೇಳ್ತೀನಿ ಅಮ್ಮಂಗೆ," ಅಂದಳು.

"ಬ್ಯಾಡ. ಗಾಬರಿ ಬೀಳ್ತಾಳೆ. ಸುಮ್ಮನೆ ಹೋಗಾಣ."

ಕಾರು ಮನೆಗೆ ಬಂದು ಇಷ್ಟು ದಿನವಾದರೂ ಅದರಲ್ಲಿ ಪಾತ್ರೆಗಳೇ ಓಡಾಡಿದ್ದವು. ಪುಟ್ಟಸ್ವಾಮಿ ಒಂದು ದಿನವೂ ಕೂತಿರಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ಕಿಟಕಿ ಇಳಿಸಿ, ಮಾಗಡಿ ದಾಟಿ ಬಂಡೆ ಬೆಟ್ಟಗಳು ಕಾಣುವವರೆಗೂ ಒಂದೇ ಸಮ ಆಚೆ ನೋಡುತ್ತಿದ್ದ.

ಸಿದ್ದಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಬೀಗರೆಲ್ಲ ಒಂದೇ ಕಾರಿನಿಂದ ಇಳಿದದ್ದು ಕಂಡು ಮೊರ ಹಾಗೇ ಇಟ್ಟು ಓಡಿಬಂದಳು. ಮುಖ ಬಿಳಿಚಿಕೊಂಡಿತ್ತು. "ಏನಾಯ್ತವ್ವ? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ," ಎಂದು ಮಾಯಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಮಗಳ ಮೇಲೆ, ನಿಮ್ಮೂರ ಮೇಲೆ ಒಂದು ತಿಂಗಳಿಂದ ಇಲ್ಲದ ಮಾತು ಆಡಿದ್ದೀನಿ. ನಿಮ್ಮ ಕಿವಿಗೆ ಬಿದ್ದೈತೋ ಇಲ್ವೋ ಕಾಣೆ. ಒಳ್ಳೆ ಗಾಡಿ ಕೊಡ್ಸಿದ್ರಿ, ಒಳ್ಳೆ ಮಗಳನ್ನ ಕೊಟ್ರಿ. ಅದನ್ನ ಹೇಳಾಕೇ ಬಂದೆ. ಮೇಷ್ಟ್ರ ಮನೇಗೂ ಹೋಗಿ ಹೇಳ್ಬೇಕು."

ಸಿದ್ದಮ್ಮ ಮಗಳ ಮುಖ ನೋಡಿದಳು. ಮಗಳು ನಗುತ್ತ ತಲೆಯಾಡಿಸಿದಳು.

"ಮಾತು ಆಮೇಲಾಗ್ಲಿ, ಮೊದ್ಲು ಉಣ್ಣಿ," ಎಂದು ಸಿದ್ದಮ್ಮ ಎಲ್ಲರನ್ನೂ ಒಳಗೆ ಕರೆದೊಯ್ದಳು. ಮಾಯಮ್ಮ ಅಡುಗೆಮನೆಗೆ ಬಂದು ಸೆರಗು ಸಿಕ್ಕಿಸಿಕೊಂಡು ಕೋಲಿಗೆ ಕೈ ಹಾಕಿದಳು. ಸಿದ್ದಮ್ಮ ಬಿಡಲಿಲ್ಲ. "ನೀವು ಕೂತ್ಕಳಿ ಬೀಗ್ತಿ. ಇದು ನನ್ನ ಮನೆ."

ಮಾಯಮ್ಮ ಗೋಡೆಗೆ ಒರಗಿ ಮಣೆಯ ಮೇಲೆ ಕೂತಳು. ತಟ್ಟೆ ಬಂತು. ಬಿಸಿ ಮುದ್ದೆ, ಸೊಪ್ಪಿನ ಸಾರು, ಮೇಲೊಂದು ಚಮಚ ತುಪ್ಪ. ವರ್ಷದಿಂದ ದಿನಕ್ಕೆ ಅರವತ್ತು ತಟ್ಟೆಗೆ ಬಡಿಸಿದ ಕೈ ಅವಳದು. ತನಗೆ ಇನ್ನೊಬ್ಬರು ಕೂರಿಸಿ ಬಡಿಸಿದ್ದು ಯಾವಾಗ ಎಂದು ನೆನಪಿಗೆ ಬರಲಿಲ್ಲ. ಮೊದಲ ತುತ್ತು ನುಂಗಿ ಕಣ್ಣು ಮುಚ್ಚಿದಳು.

"ಹಿಡಿಸ್ತಾ?" ಎಂದು ಕೇಳಿದಳು ಸಿದ್ದಮ್ಮ, ಎರಡನೆಯ ಮುದ್ದೆ ಕೈಯಲ್ಲಿ ಹಿಡಿದು.

ಮಾಯಮ್ಮ ತಟ್ಟೆಯನ್ನು ಮುಂದೆ ಚಾಚಿದಳು.